ಅಪ್ಪ ಹೋದ ಮೇಲೆ ಅವರ ಕಾರು ಕೆಟ್ಟರೆ

ತಂದೆ ತೀರಿಕೊಂಡು ಎರಡು ತಿಂಗಳು, ಬ್ಯಾಂಕು, ಪಹಣಿ ಅಂತ ಓಡಾಡುತ್ತಿರುವಾಗಲೇ ಅವರ ಕಾರು ಕೈಕೊಟ್ಟಿದೆ, ಗ್ಯಾರೇಜಿನವರು ನಲವತ್ತು ಸಾವಿರ ಹೇಳುತ್ತಿದ್ದಾರೆ, ಮಾಡಿಸಲೋ ಮಾರಿಬಿಡಲೋ ಎಂದು ಕೇಳಿದ್ದೀರಿ. ಹೋದ ವರ್ಷ ನಾನೂ ಇದೇ ಪಾಡು ಪಟ್ಟವನು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಕಾರಟಗಿ ಹತ್ತಿರ. ಅಪ್ಪ ರಿಟೈರ್ಡ್ ಮಾಸ್ತರ, ಜೊತೆಗೆ ನಾಲ್ಕು ಎಕರೆ ಗದ್ದೆ. ಅಪ್ಪ ಹೋದ ಮೇಲೆ ಕಾರು ಒಂದೂವರೆ ತಿಂಗಳು ತಗಡಿನ ಶೆಡ್ಡಿನಲ್ಲೇ ನಿಂತಿತ್ತು. ಅವ್ವನ ಕುಟುಂಬ ಪಿಂಚಣಿ ಕೆಲಸಕ್ಕೆ ಅವಳನ್ನು ಕೂರಿಸಿಕೊಂಡು ಕೊಪ್ಪಳಕ್ಕೆ ಹೊರಟೆ. ಬೂದಗುಂಪಾ ಕ್ರಾಸ್ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಏಪ್ರಿಲ್ ಬಿಸಿಲು. ಅವ್ವ ಕಾಗದದ ಚೀಲ ಎದೆಗವಚಿಕೊಂಡು ಬೇವಿನ ಗಿಡದ ಕೆಳಗೆ ಕೂತಳು.

‘ಇಲಿ ವೈರ್ ಕಡದಾವ್ರಿ ಸರ, ಫ್ಯಾನ್ ತಿರುಗೇ ಇಲ್ಲ’ ಎಂದ ಮೆಕ್ಯಾನಿಕ್. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಎತ್ತಿದರೆ ಅದರ ಕೆಳಗೆ ಒಂದು ಬೊಗಸೆ ಭತ್ತದ ಹೊಟ್ಟು. ಅಪ್ಪ ಬೀಜದ ಚೀಲಗಳನ್ನು ಹಿಂದಿನ ಸೀಟಿನ ಮೇಲೆ ಹಾಕಿಕೊಂಡೇ ಗದ್ದೆಗೆ ಹೋಗುತ್ತಿದ್ದ. ಮ್ಯಾಟಿನ ಸಂದಿಗೆ ಉದುರಿದ ಕಾಳಿಗೆ ಇಲಿಗಳು ಬಂದಿದ್ದವು. ಆ ಹೊಟ್ಟನ್ನು ಚೆಲ್ಲಲು ನನಗೆ ಕೈ ಬರಲಿಲ್ಲ, ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ.

ಹೆಡ್ ಗ್ಯಾಸ್ಕೆಟ್, ವೈರಿಂಗ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ನಾಲ್ಕು ಟೈರು ಸೇರಿ 46 ಸಾವಿರ ಹೇಳಿದರು. ದುಃಖದಲ್ಲಿರುವವನು ಎಲ್ಲದಕ್ಕೂ ‘ಹೂಂ’ ಅನ್ನುತ್ತಾನೆ, ನಾನೂ ಅಂದುಬಿಡುತ್ತಿದ್ದೆ. ಮೆಕ್ಯಾನಿಕ್ಕೇ ಒಳ್ಳೆಯವನು, ಯಾವುದಿಲ್ಲದೆ ಗಾಡಿ ರೋಡಿಗಿಳಿಸಬಾರದು, ಯಾವುದು ಮುಂದಿನ ಸುಗ್ಗಿಯವರೆಗೆ ತಡೆಯುತ್ತದೆ ಎಂದು ಬೇರೆ ಮಾಡಿ ಬರೆದುಕೊಟ್ಟ. ಗ್ಯಾಸ್ಕೆಟ್, ವೈರಿಂಗ್, ಪಕ್ಕ ಬಿರಿದಿದ್ದ ಎರಡು ಟೈರು ಅಷ್ಟೇ ಮಾಡಿಸಿದೆ. 24 ಸಾವಿರಕ್ಕೆ ಮುಗಿಯಿತು. ನೀವೂ ಹಾಗೆ ಬರೆಸಿಕೊಳ್ಳಿ.

ಆದರೆ ‘ಮಾಡಿ’ ಅನ್ನುವ ಮೊದಲು ಮನೆಯವರಿಗೆಲ್ಲ ಫೋನ್ ಮಾಡಿ. ಆ ಕಾರು ಈಗ ನಿಮ್ಮೊಬ್ಬರದಲ್ಲ, ವಾರಸುದಾರರೆಲ್ಲರದು. ಸಿಂಧನೂರಿನ ಅಕ್ಕ ‘ಅವ್ವಗ ದವಾಖಾನಿಗೆ ಹೋಗಾಕ ಗಾಡಿ ಬೇಕಲ್ಲೋ ತಮ್ಮಾ, ಮಾಡಿಸು’ ಅಂದಮೇಲೆಯೇ ನಾನು ಮುಂದುವರಿದದ್ದು. ಬಿಲ್ ಬಂದ ದಿನವೇ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ದುಡ್ಡು ನನ್ನದೇ ಕೊಟ್ಟೆ. ತಂದೆಯವರ ಎಟಿಎಂ ಪಿನ್ ಗೊತ್ತಿದ್ದರೂ ಅದರಿಂದ ತೆಗೆಯಬೇಡಿ, ಆ ಖಾತೆಯನ್ನು ಬ್ಯಾಂಕಿನಲ್ಲಿ ಕ್ಲೇಮ್ ಅರ್ಜಿ ಕೊಟ್ಟೇ ಇತ್ಯರ್ಥ ಮಾಡಿಸಬೇಕು. ನಾಮಿನಿ ನೀವೇ ಆಗಿದ್ದರೂ ಆ ಹಣ ವಾರಸುದಾರರ ಪರವಾಗಿ ನಿಮ್ಮ ಕೈಗೆ ಬರುವುದು.

ನನಗೆ ತಡವಾಗಿ ತಿಳಿದ ಮಾತೊಂದಿದೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮಾತ್ರ, ತೀರಿಕೊಂಡ ದಿನದಿಂದ ಮೂರು ತಿಂಗಳು ಅವರ ಗಾಡಿ ಓಡಿಸಬಹುದು. ಆ ಮೂರು ತಿಂಗಳಲ್ಲೇ ಫಾರ್ಮ್ 31 ಕೊಟ್ಟು ಆರ್‌ಸಿ ವರ್ಗಾಯಿಸಿಕೊಳ್ಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದೆ. ಇನ್ಶೂರೆನ್ಸ್ ಪಾಲಿಸಿಯೂ ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ನಾನು ಯಾರಿಗೂ ತಿಳಿಸದೆ ಅವ್ವನನ್ನು ಕೂರಿಸಿಕೊಂಡು ಹೊರಟಿದ್ದೆ. ಆ ದಿನ ಯಾರಿಗಾದರೂ ಗುದ್ದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮಾರುವುದಾದರೂ ಮೊದಲು ಆರ್‌ಸಿ ನಿಮ್ಮ ಹೆಸರಿಗೆ ಬರಬೇಕು. ದಲ್ಲಾಳಿಯೊಬ್ಬ ಬಂದು, ಅಪ್ಪನ ಸಹಿ ನೀವೇ ಹಾಕಿ ಹಿಂದಿನ ತಾರೀಖು ಬರೆಯಿರಿ, ಇವತ್ತೇ ದುಡ್ಡು ಕೊಡುತ್ತೇನೆ ಅಂದ. ಅವ್ವ ಒಳಗಿಂದ ಕೇಳಿಸಿಕೊಂಡು ಎದ್ದು ಬಂದು ಅವನನ್ನು ಕಳಿಸಿಬಿಟ್ಟಳು. ಅಂಥವರು ನಿಮ್ಮ ಬಾಗಿಲಿಗೂ ಬರುತ್ತಾರೆ, ಒಪ್ಪಬೇಡಿ.

ಆರ್‌ಸಿ ವರ್ಗಾವಣೆಗೆ ನಿಮಗಿನ್ನು ಒಂದು ತಿಂಗಳಿದೆ. ಆರ್‌ಟಿಒಗೆ ತಿಳಿಸಿಲ್ಲದಿದ್ದರೆ ಗಾಡಿ ಗ್ಯಾರೇಜಿನಲ್ಲೇ ಇರಲಿ. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಹಿಡಿದು ಈ ವಾರವೇ ಆರ್‌ಟಿಒ ಕಚೇರಿಗೆ ಹೋಗಿ. ಮರಣ ಪ್ರಮಾಣಪತ್ರದ ಪ್ರತಿ ಹತ್ತಾದರೂ ಇರಲಿ, ಬ್ಯಾಂಕಿಗೂ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೂ ಅದೇ ಬೇಕು.