ಕಡ್ಡಿ ಗೀರುವ ಹೊತ್ತು ಯಾವುದು?

ಪ್ರಶ್ನೆ: ಮಗ-ಸೊಸೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾರೆ. ಐದು ವರ್ಷದ ಮೊಮ್ಮಗಳಿಗೆ ಉಬ್ಬಸ. ಊರ ಹಿಂದಿನ ಗುಡ್ಡದ ಕಾಡಿಗೆ ಅಲ್ಲಿನ ಸರ್ಕಾರದವರೇ ಬೆಂಕಿ ಹಚ್ಚುತ್ತಾರಂತೆ, ಅದೂ ಮೊದಲೇ ಹೇಳಿ! ಬೆಳಗ್ಗೆ ಎದ್ದರೆ ಮನೆಯೆಲ್ಲ ಹೊಗೆ ಎಂದು ಸೊಸೆ ಫೋನಿನಲ್ಲಿ ಅತ್ತಳು. ಸಮುದ್ರದ ದಂಡೆಗೆ ಅಷ್ಟು ದೊಡ್ಡ ಊರಿರುವಾಗ ಇದೇನು ಹುಚ್ಚು? ಇಲ್ಲಿ ನಮ್ಮ ಪಕ್ಕದ ಗದ್ದೆಯವರೂ ನೆಲ್ಲು ಕೊಯ್ದ ಮೇಲೆ ಹುಲ್ಲಿಗೆ ಸಂಜೆ ಬೆಂಕಿ ಇಡುತ್ತಾರೆ. ‘ಸಂಜಿಗೆ ಗಾಳಿ ಇರೂದಿಲ್ರೀ, ಅದಕ್ಕ ಸೇಫು’ ಅಂತಾರೆ. ಹೌದೆ?
— ನಿವೃತ್ತ ಶಿಕ್ಷಕಿ, ಕಾರಟಗಿ

ಉತ್ತರ: ಅಕ್ಕೋರೆ, ನಿಮ್ಮ ಪಕ್ಕದ ಗದ್ದೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಸಂಜೆ ಬೆಂಕಿ ಓಡುವುದಿಲ್ಲ. ಆದರೆ ಹೊಗೆ? ನವೆಂಬರ್-ಡಿಸೆಂಬರಿನಲ್ಲಿ ಹೊತ್ತು ಮುಳುಗಿದ ಕೂಡಲೇ ನೆಲ ತಣ್ಣಗಾಗುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಪಾತ್ರೆಗೆ ತಾಟು ಮುಚ್ಚಿದ ಹಾಗೆ. ಹೊಗೆ ತೆಂಗಿನಮರದ ಎತ್ತರಕ್ಕೆ ಏರಿ ಅಲ್ಲೇ ಅಡ್ಡಡ್ಡ ಹಾಸಿಕೊಂಡು, ಕಾಲುವೆ ಗುಂಟ ಜಾರಿ ಊರೊಳಗೆ ಬಂದು ಮಲಗುತ್ತದೆ. ಬೆಳಗ್ಗೆ ಎಂಟಕ್ಕೆ ಮಕ್ಕಳು ಶಾಲೆಗೆ ಹೊರಟಾಗಲೂ ಅದು ಎದ್ದಿರುವುದಿಲ್ಲ. ಗಂಗಾವತಿ ಕಡೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಬೈಕಿನಲ್ಲಿ ಬಂದವರಿಗೆ ಇದನ್ನು ಹೇಳಬೇಕಾಗಿಲ್ಲ. ಎದುರಿನ ಲಾರಿಯ ಲೈಟು ಹತ್ತು ಮಾರು ಹತ್ತಿರ ಬಂದ ಮೇಲೆಯೇ ಕಾಣುವುದು.

ಪರ್ತ್‌ನಲ್ಲೂ ಇದೇ ಲೆಕ್ಕ, ಜೊತೆಗೆ ಸಮುದ್ರ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಡಿಸೆಂಬರಿನಿಂದ ಕಡು ಬೇಸಿಗೆ. ನೀಲಗಿರಿ ಜಾತಿಯ ಮರಗಳ ಎಣ್ಣೆ ತುಂಬಿದ ಎಲೆ, ತೊಗಟೆ ಉದುರಿ ಬೀಳುತ್ತವೆ. ನಮ್ಮ ಮಲೆನಾಡಿನ ಹಾಗೆ ಕೊಳೆಯದೆ ವರ್ಷ ವರ್ಷ ಪೇರಿಕೊಳ್ಳುತ್ತವೆ. 1961ರ ಜನವರಿಯಲ್ಲಿ ಡ್ವೆಲಿಂಗಪ್ ಎಂಬ ಊರು ಕಾಡ್ಗಿಚ್ಚಿಗೆ ಸುಟ್ಟುಹೋಯಿತು. ಆಮೇಲೆ, ಬೇಸಿಗೆಯ ಕಿಚ್ಚಿಗೆ ಮೇವು ಸಿಗದಿರಲೆಂದು ಈ ಒಣ ತರಗನ್ನು ಸರ್ಕಾರವೇ ನಿಂತು ಮೊದಲೇ ಸುಡಿಸುವ ಕೆಲಸ ದೊಡ್ಡದಾಗಿ ಬೆಳೆಯಿತು. ಈಗ ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ನೈರುತ್ಯ ಭಾಗದಲ್ಲಿ ವರ್ಷಕ್ಕೆ 2 ಲಕ್ಷ ಹೆಕ್ಟೇರ್ ಸುಡುವ ಗುರಿ ಇದೆ. ನೆಲ ಹಸಿಯಿದ್ದರೆ ಹತ್ತುವುದಿಲ್ಲ, ಒಣಗಿದರೆ ಕೈಗೆ ಸಿಗುವುದಿಲ್ಲ. ನಡುವೆ ಸಿಗುವುದು ವಸಂತದಲ್ಲಿ ಕೆಲವು ದಿನ, ಮತ್ತೆ ಮಾರ್ಚ್-ಮೇನಲ್ಲಿ ಕೆಲವು. ಆಗಲೂ ದ್ರಾಕ್ಷಿ ತೋಟದವರು ತಕರಾರು ತೆಗೆಯುತ್ತಾರೆ, ಹಣ್ಣಿಗೆ ಹೊಗೆ ಹತ್ತಿದರೆ ವೈನಿನ ರುಚಿಯೇ ಕೆಡುತ್ತದೆಂದು!

ಪರ್ತ್‌ಗೆ ಗುಡ್ಡ ಮೂಡಲಿಗೆ, ಸಮುದ್ರ ಪಡುವಲಿಗೆ. ಬೇಸಿಗೆ ಹತ್ತಿರವಾದ ಹಾಗೆ ರಾತ್ರಿ, ಬೆಳಗ್ಗೆ ಮೂಡುಗಾಳಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ತಿರುಗಿ ಬರುತ್ತದೆ. ಸೆಖೆ ಕಳೆಯುತ್ತದೆಂದು ಅಲ್ಲಿನ ಜನ ಅದಕ್ಕೆ ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದೇ ಹೆಸರಿಟ್ಟಿದ್ದಾರೆ. ಬೆಂಕಿ ಕಾಯುವವರಿಗೆ ಮಾತ್ರ ಈ ಡಾಕ್ಟರು ಬರುವ ಹೊತ್ತು ಗೊತ್ತಿರಬೇಕು. ನಾನು ಅರಣ್ಯ ಇಲಾಖೆಯ ನೌಕರಿಯ ಮೊದಲ ಮೂರು ವರ್ಷ ಕುಮಟಾ ಕಡೆ ಇದ್ದೆ. ಬೆಟ್ಟದ ಕರಡಕ್ಕೆ, ಅಂದರೆ ಒಣ ಹುಲ್ಲಿಗೆ, ಬೆಳಗ್ಗೆ ಬೆಂಕಿ ಕೊಟ್ಟರೆ ಹೊಗೆ ತಣ್ಣಗೆ ಸಮುದ್ರಕ್ಕೆ ಹೋಗುತ್ತಿತ್ತು, ನಾವು ಬೆನ್ನು ಹಾಕಿ ನಿಲ್ಲುತ್ತಿದ್ದೆವು. ಗಾಳಿ ತಿರುಗಿತೋ, ಬೆನ್ನ ಹಿಂದಿದ್ದ ಊರೇ ಬೆಂಕಿಯ ಮುಂದೆ. ನಿಮ್ಮ ಸೊಸೆಯ ಮನೆಗೆ ಬಂದದ್ದು ಬಹುಶಃ ರಾತ್ರಿಯೆಲ್ಲ ಗುಡ್ಡದಿಂದ ಇಳಿದ ಹಳೇ ಹೊಗೆ.

ಅಪಾಯ ಇಲ್ಲ ಎಂದರೆ ಸುಳ್ಳಾದೀತು. 2011ರ ನವೆಂಬರಿನಲ್ಲಿ ಅದೇ ಕರಾವಳಿಯ ಮಾರ್ಗರೆಟ್ ರಿವರ್ ಬಳಿ ಹೀಗೆ ಹಚ್ಚಿದ ಬೆಂಕಿ ಗೆರೆ ದಾಟಿ ಮೂವತ್ತಕ್ಕೂ ಹೆಚ್ಚು ಮನೆ ಸುಟ್ಟಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ನನಗೆ ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೊದ್ದು. ಅಲ್ಲಿ ಸಮುದ್ರವಿಲ್ಲ, ಆದರೂ ಕೇಳಿ. 2022ರ ಜನವರಿಯಲ್ಲಿ ಅಲ್ಲಿನ ಅರಣ್ಯ ಇಲಾಖೆಯವರು ಸೌದೆ ರಾಶಿಗಳನ್ನು ಸುಟ್ಟರು, ಮೇಲೆ ಹಿಮ ಬಿತ್ತು. ಒಳಗಿನ ಕೆಂಡ ಆರಿರಲಿಲ್ಲ. ಏಪ್ರಿಲಿನಲ್ಲಿ ಗಾಳಿ ಎದ್ದಾಗ ಅದು ಮೇಲೆ ಬಂತು. ಅಷ್ಟರಲ್ಲಿ ಪಕ್ಕದಲ್ಲಿ ಇಲಾಖೆ ಹಚ್ಚಿದ್ದ ಇನ್ನೊಂದು ಬೆಂಕಿಯೂ ಕೈ ತಪ್ಪಿತ್ತು. ಎರಡೂ ಕೂಡಿ 3 ಲಕ್ಷ 41 ಸಾವಿರ ಎಕರೆ ಸುಟ್ಟವು.

ಹೆದರಿಕೆಗೆ ಕಾರಣ, ಅದೇ ತಪ್ಪು ನಾನೂ ಮಾಡಿದ್ದೇನೆ. ಸಂಡೂರು ಗುಡ್ಡದಲ್ಲಿ ಒಂದು ಡಿಸೆಂಬರ್, ಫೈರ್ ಲೈನ್, ಅಂದರೆ ಕಾಡ್ಗಿಚ್ಚು ದಾಟದಂತೆ ಮೊದಲೇ ಹುಲ್ಲು ಸುಟ್ಟು ಬೋಳು ಮಾಡುವ ಪಟ್ಟಿ, ಸುಡುವ ಕೆಲಸ. ಹನ್ನೊಂದಕ್ಕೆ ಹಚ್ಚಿ ಒಂದು ಗಂಟೆಗೆ ಹಸಿ ಟೊಂಗೆಯಿಂದ ಬಡಿದು ಆರಿಸಿ, ರೊಟ್ಟಿ ಗಂಟು ಬಿಚ್ಚಿ ಕೂತೆವು. ಒಂದು ಒಣ ಸಗಣಿ ಹೆಂಟೆ ಒಳಗೊಳಗೇ ಹೊಗೆಯಾಡುತ್ತಿದ್ದುದನ್ನು ಯಾರೂ ತುಳಿದು ನೋಡಿರಲಿಲ್ಲ. ಮೂರು ಗಂಟೆಗೆ ಸುಂಟರಗಾಳಿ ಅದನ್ನೇ ಒಡೆದು ಕಿಡಿಗಳನ್ನು ಗೆರೆಯಾಚೆ ಎಸೆಯಿತು. ಬೆಂಕಿ ಗುಡ್ಡ ಹತ್ತುವಾಗ ಮನುಷ್ಯನಿಗಿಂತ ಜೋರು. ರಾತ್ರಿ ಒಂಬತ್ತಾಯಿತು ಆರಿಸಲು. ನನ್ನ ಹುಬ್ಬು ಹೋಗಿ ತಿಂಗಳಗಟ್ಟಲೆ ಹೆಂಡತಿ ನಕ್ಕಳು. ಅಂದಿನಿಂದ ಆರಿದ ಬೂದಿಯ ಮೇಲೆ ಕೈಯ ಹಿಂಬದಿ ಹಿಡಿದು ನೋಡದೆ ಜಾಗ ಬಿಟ್ಟವನಲ್ಲ.

ಮೊಮ್ಮಗಳ ಮಾತು: ಎಲ್ಲಿ, ಯಾವ ದಿನ ಸುಡುತ್ತಾರೆಂಬ ಪಟ್ಟಿಯನ್ನು ಅಲ್ಲಿನ ಇಲಾಖೆ ಮೊದಲೇ ಹಾಕುತ್ತದೆ, ಮಗ ನೋಡಲಿ. ಆ ರಾತ್ರಿ, ಮರುದಿನ ಬೆಳಗ್ಗೆ ಕಿಟಕಿ ಮುಚ್ಚಿ ಒಂದು ಕೋಣೆಯಲ್ಲಿ ಇರಿಸಲಿ, ವೈದ್ಯರು ಕೊಟ್ಟ ಪಂಪು ಕೈಗೆ ಸಿಗುವಂತಿರಲಿ. ದೊಡ್ಡವರ ಮಾಸ್ಕ್ ಸಣ್ಣ ಮುಖಕ್ಕೆ ಕೂರುವುದಿಲ್ಲ, ಅದನ್ನು ನಂಬಬೇಡಿ.

ಪಕ್ಕದ ಗದ್ದೆಯವರಿಗೆ ಹಗಲು ಹತ್ತರ ಮೇಲೆ ಹಚ್ಚಿ ಎಂದು ನಾನು ಹೇಳಲಾರೆ. ಆಗ ಹೊಗೆ ಏರುತ್ತದೆ ನಿಜ, ಆದರೆ ಬೇಸಿಗೆ ಬೆಳೆ ಕೊಯ್ದ ಮೇಲೆ ಆ ಹೊತ್ತಿನ ಗಾಳಿಗೆ ಯಾರದ್ದೋ ಬಣವಿ ಹೋಗುತ್ತದೆ. ಸುಡುವುದೇ ಬೇಡ. ಮಷಿನ್ ಕಟಾವಾದ ಹುಲ್ಲನ್ನು ಸುರುಳಿ ಕಟ್ಟುವ ಯಂತ್ರದವರು ನಿಮ್ಮ ಕಡೆಯೂ ಬರುತ್ತಿದ್ದಾರೆ. ಬೇಸಿಗೆಯಲ್ಲಿ ದನ ಸಾಕಿದವರು ಆ ಹುಲ್ಲನ್ನು ದುಡ್ಡು ಕೊಟ್ಟು ಒಯ್ಯುತ್ತಾರೆ. ನೀವು ಕಲಿಸಿದ ಹುಡುಗನೇ ಯಾರಾದರೂ ಆ ಯಂತ್ರ ಇಟ್ಟಿರಬಹುದು. ಒಂದು ಫೋನ್ ಮಾಡಿ, ಅಕ್ಕೋರ ಮಾತು ತೆಗೆದುಹಾಕಲಿಕ್ಕಿಲ್ಲ.