ಊರಿಗೆ ಹೋಗುವ ಐದು ಸಾವಿರ

ನನ್ನ ಹತ್ತಿರ ಸಲಹೆಗೆ ಬಂದ ಗಂಡ-ಹೆಂಡತಿಯ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

"ಮೇಡಂ, ನಮ್ಮ ಮನಿಯವ್ರು ಎರಡು ತಿಂಗಳಿಂದ ನನ್ನ ಕೂಡ ಮಾತಾಡವಲ್ರು." ಕುರ್ಚಿಯ ತುದಿಯಲ್ಲಿ ಕೂತು ಅವರು ಹೇಳಿದ ಮೊದಲ ಮಾತಿದು. ಯಾದಗಿರಿ ಕಡೆಯವರು, ವಯಸ್ಸು 34. ಬೆಂಗಳೂರಿಗೆ ಗುಳೆ ಬಂದು ಆರು ವರ್ಷ. ವರ್ತೂರು ಹತ್ತಿರ ತಗಡಿನ ಶೆಡ್. ಗಂಡ ಗೌಂಡಿ. ಊರಲ್ಲಿ ತೊಗರಿ ಬೆಳೆಯುವ ಮೂರೆಕರೆ, ಅತ್ತೆ, ಎಂಟನೇ ಕ್ಲಾಸಿನ ಮಗಳು.

ಮೊದಲು ಇಬ್ಬರೂ ಒಬ್ಬನೇ ಮೇಸ್ತ್ರಿ ಹತ್ತಿರ ದುಡಿಯುತ್ತಿದ್ದರು. ಇಬ್ಬರ ಕೂಲಿಯೂ ಗಂಡನ ಕೈಗೇ ಬರುತ್ತಿತ್ತು. ಸೊಂಟನೋವು ಶುರುವಾದ ಮೇಲೆ ಇವರು ಇಟ್ಟಿಗೆ ಹೊರುವುದು ಬಿಟ್ಟು ಅಪಾರ್ಟ್‌ಮೆಂಟಿನ ಐದು ಮನೆಯ ಕೆಲಸ ಹಿಡಿದರು. ತಿಂಗಳಿಗೆ 15,000, ಇವರದೇ ಖಾತೆಗೆ. ಗಂಡನಿಗೆ ದಿನಕ್ಕೆ 900 ಇದ್ದರೂ ಮಳೆಗಾಲದಲ್ಲಿ ಹದಿನೈದು ದಿನ ಕೆಲಸ ಸಿಕ್ಕರೆ ಪುಣ್ಯ. ಅದರಲ್ಲೂ ಮೇಸ್ತ್ರಿ ಕೊಟ್ಟ ಮುಂಗಡ ಕಡಿತ.

ಜಗಳ ಎದ್ದದ್ದು ಊರಿಗೆ ಕಳಿಸುವ 5,000ದ ಮೇಲೆ. "ಅತ್ತಿಯವರಿಗೆ ಗೃಹಲಕ್ಷ್ಮಿ 2,000 ಬರ್ತದ, ನಾವ್ಯಾಕ ಅಷ್ಟು ಕಳಿಸೋದು?" ಎಂದು ಇವರು ಕೇಳಿದ್ದರಂತೆ. ಗಂಡ ತಟ್ಟೆ ಸರಿಸಿ ಎದ್ದುಹೋದರು. ಗೃಹಲಕ್ಷ್ಮಿ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ. ಕಾರ್ಡಿನಲ್ಲಿ ಯಜಮಾನಿ ಅತ್ತೆ. ಕಾರ್ಡು ಒಂದೇ, ಒಲೆ ಮಾತ್ರ ಎರಡು.

ಮುಂದಿನ ವಾರ ಗಂಡನೂ ಬಂದರು. ಜಾಸ್ತಿ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು: "ಈಗ ರೊಕ್ಕ ಅಕಿ ಫೋನಿಂದ ಹೋಗ್ತದ್ರೀ. ಅವ್ವ ಫೋನ್ ಮಾಡಿದ್ರೂ ಅಕೀಗೇ ಮಾಡ್ತಾಳ."

ನಾನು ಅಲ್ಲಿವರೆಗೆ ಇದನ್ನು ಅತ್ತೆ-ಸೊಸೆ ಲೆಕ್ಕ ಅಂದುಕೊಂಡಿದ್ದೆ. ತಪ್ಪಾಗಿತ್ತು.

ಎರಡೂ ಒಲೆಯ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆಸಿದೆ. 5,000ದಲ್ಲಿ 2,000 ಬಿತ್ತನೆಗೆ ಮಾಡಿದ ಸಾಲಕ್ಕೆ ಹೋಗುತ್ತಿತ್ತು, 1,500 ಮಗಳಿಗೆ. ಸಾಲದ ವಿಷಯ ಹೆಂಡತಿಗೆ ಗೊತ್ತೇ ಇರಲಿಲ್ಲ. ಯಾರೇ ದುಡಿದಿರಲಿ, ಊರಿನ ದುಡ್ಡು ಗಂಡನ ಫೋನಿಂದಲೇ ಹೋಗಲಿ ಎಂದೆ. ಆದರೆ ಹೆಂಡತಿಯ ಸಂಬಳ ಅವರ ಖಾತೆಯಲ್ಲೇ ಇರಬೇಕು, ಎಷ್ಟು ಕೊಡುವುದೆಂದು ಅವರೇ ಹೇಳಬೇಕು ಅಂತಲೂ ಗಂಡನ ಎದುರೇ ಹೇಳಿದೆ. ಇದು ಗಂಡಸಿನ ಜಂಬಕ್ಕೆ ಬಗ್ಗಿದ ಹಾಗಲ್ವಾ ಎಂದು ನನ್ನ ಸಹೋದ್ಯೋಗಿ ಕೇಳಿದರು. ಇರಬಹುದು. ಆ ಮನೆಯಲ್ಲಿ ಮೊದಲು ಮಾತು ಶುರುವಾಗಬೇಕಿತ್ತು.

ರೇಷನ್ ಕಾರ್ಡು ಬೇರೆ ಮಾಡಿಸೋಣವಾ ಎಂದು ಹೆಂಡತಿ ಕೇಳಿದರು. ಈ ಸಿಟ್ಟಿನಲ್ಲಿ ಬೇಡ ಎಂದೆ. ಅದಕ್ಕಿಂತ ಗಂಡ ಸರ್ಕಾರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಲಿ, ಮಂಡಳಿಯ ನೆರವಿಗೆ ಅದು ಬೇಕು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಆರು ವರ್ಷವಾದರೂ ಮಾಡಿಸಿರಲಿಲ್ಲ!

ಮೂರನೇ ಸಲ ಬಂದಾಗ ಮಾತು ಶುರುವಾಗಿತ್ತು, ಜಗಳವೂ. ಈಗಿನದು ಮಗಳನ್ನು ಇಲ್ಲಿಗೆ ಕರೆಸುವ ಬಗ್ಗೆ. ವರ್ಷದ ನಡುವೆ ಶಾಲೆ ಬಿಡಿಸಬೇಡಿ, ಜೂನ್‌ವರೆಗೆ ಕಾಯಿರಿ, ಅಷ್ಟರಲ್ಲಿ ಬಾಗಿಲಿಗೆ ಗಟ್ಟಿ ಚಿಲಕವಿರುವ ಒಂದು ರೂಮು ನೋಡಿ ಎಂದಿದ್ದೇನೆ. ಅಡ್ವಾನ್ಸ್ ಎಷ್ಟೆಂದು ಕೇಳಿಕೊಂಡು ಬರುತ್ತಾರಂತೆ.