ಬೇಡ ಎಂದದ್ದು ಯಾವುದಕ್ಕೆ?

ಮಡಿಕೇರಿಯಿಂದ ನಿವೃತ್ತ ಸುಬೇದಾರರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಸಂಸದ ಆಡಂ ಸ್ಮಿತ್ ಅವರನ್ನು ಮೆಚ್ಚಿ ಬರೆದಿದ್ದೀರಿ. ಸೈನಿಕರಿಗೆ ಶೇ. 5.2ರಷ್ಟು ಸಂಬಳ ಏರಿಸುವ ಮಸೂದೆಗೇ ಅವರು ವಿರುದ್ಧ ಮತ ಹಾಕಿದರಲ್ಲ? ಗಡಿಯಲ್ಲಿ ನಿಂತವನಿಗೆ ಪಕ್ಷ ಗೊತ್ತಿಲ್ಲ, ಮನೆಗೆ ಕಳಿಸುವ ದುಡ್ಡು ಗೊತ್ತು."

ಸಂಪಾದಕರ ಉತ್ತರ:

ಸುಬೇದಾರರೇ, ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಇದೇ ವಾರ್ಷಿಕ ರಕ್ಷಣಾ ಮಸೂದೆ 2023ರ ಜೂನ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ರಕ್ಷಣಾ ಸಮಿತಿಯ ಮುಂದೆ ಬಂದಾಗ 58 ಮಂದಿ ಪರವಾಗಿದ್ದರು. ವಿರುದ್ಧ ಇದ್ದದ್ದು ರೋ ಖನ್ನಾ ಒಬ್ಬರೇ. ಸಮಿತಿಯ ಹಿರಿಯ ಡೆಮಾಕ್ರಾಟ್ ಸದಸ್ಯ ಸ್ಮಿತ್ ಆ 58ರಲ್ಲಿ ಒಬ್ಬರು. ಸಂಬಳದ ವಿಷಯದಲ್ಲಿ ಅವರಿಗೆ ತಕರಾರು ಇರಲೇ ಇಲ್ಲ.

ಮೂರು ವಾರದಲ್ಲಿ ಮಸೂದೆಯ ಚಹರೆಯೇ ಬದಲಾಯಿತು. ಸದನದಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು ಒಂದರ ಮೇಲೊಂದು ತಿದ್ದುಪಡಿ ತುರುಕಿದರು. ಒಂದನ್ನು ಮಾತ್ರ ಹೇಳುತ್ತೇನೆ. ಟೆಕ್ಸಾಸ್‌ಗೆ ಪೋಸ್ಟಿಂಗ್ ಆದ ಒಬ್ಬ ಮಹಿಳಾ ಸಿಪಾಯಿಯನ್ನು ನೆನೆಸಿಕೊಳ್ಳಿ. ಪೋಸ್ಟಿಂಗ್ ಕೇಳಿ ಪಡೆಯುವಂಥದ್ದಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2022ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿ ಗರ್ಭಪಾತ ಹೆಚ್ಚುಕಡಿಮೆ ಪೂರ್ತಿ ನಿಷಿದ್ಧ. ಬೇರೆ ರಾಜ್ಯಕ್ಕೆ ಹೋಗಿಬರಲು ರಜೆ, ಪ್ರಯಾಣದ ಖರ್ಚು ಕೊಡುತ್ತೇವೆ ಎಂದು ರಕ್ಷಣಾ ಇಲಾಖೆ ಹೇಳಿತ್ತು. ಗರ್ಭಪಾತದ ಖರ್ಚಲ್ಲ, ಬರೀ ದಾರಿಖರ್ಚು. ಅದಕ್ಕೂ ಕತ್ತರಿ ಹಾಕಿದರು. ಜುಲೈ 14ರಂದು ಮಸೂದೆ 219–210ರಲ್ಲಿ ಪಾಸಾಯಿತು, ಸ್ಮಿತ್ ಬೇಡ ಎಂದರು.

ಹಾಗೆಂದು ಸಂಬಳ ನಿಂತಿತೇ? ಇಲ್ಲ. ಆ ಮಸೂದೆ ಖರ್ಚಿಗೆ ಒಪ್ಪಿಗೆ ಕೊಡುವಂಥದ್ದು. ದುಡ್ಡು ಬಿಡುಗಡೆ ಮಾಡುವುದು ಬೇರೊಂದು ಮಸೂದೆ. ಮೇಲ್ಮನೆಯಾದ ಸೆನೆಟ್ ಜತೆ ಚೌಕಾಶಿಯಾಗಿ, ಆ ತಿದ್ದುಪಡಿ ಬಿದ್ದುಹೋಗಿ, ಡಿಸೆಂಬರ್‌ನಲ್ಲಿ ಮಸೂದೆ 310–118ರಲ್ಲಿ ಪಾಸಾಯಿತು. ಶೇ. 5.2ರ ಏರಿಕೆ ಹಾಗೇ ಉಳಿಯಿತು.

ಡೆಮಾಕ್ರಾಟರೇನೂ ಸಾಚಾಗಳಲ್ಲ. 2009ರಲ್ಲಿ ದ್ವೇಷಾಪರಾಧ ಕಾನೂನನ್ನು ರಕ್ಷಣಾ ಮಸೂದೆಯ ಬಾಲಕ್ಕೆ ಕಟ್ಟಿ ಪಾಸು ಮಾಡಿಸಿದವರು ಅವರೇ. ಆಗ ಸದನದ ಬಹುತೇಕ ರಿಪಬ್ಲಿಕನ್ನರು ವಿರುದ್ಧ ಮತ ಹಾಕಿದ್ದರು. ಅವರನ್ನು ನಾನು ಸೈನ್ಯದ್ರೋಹಿಗಳೆಂದು ಕರೆಯಲಾರೆ, ಸ್ಮಿತ್ ಅವರನ್ನೂ ಕರೆಯಲಾರೆ. ಪ್ರತಿ ವರ್ಷ ಪಾಸಾಗಲೇಬೇಕಾದ ಬಂಡಿ ಇದು, ಯಾರು ಬೇಕಾದರೂ ಹಿಂದಿನಿಂದ ಒಂದು ಮೂಟೆ ಎಸೆಯಬಹುದು. ನಮ್ಮಲ್ಲಾದರೋ ವಿಪ್ ಬಂದರೆ ಮುಗಿಯಿತು. ಅದನ್ನು ಮೀರಿದವರ ಸದಸ್ಯತ್ವಕ್ಕೇ ಕುತ್ತು. ಅಲ್ಲಿ ಆ ಭಯವಿಲ್ಲ.

ನಿಮ್ಮ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡುವುದು 2024ರ ಡಿಸೆಂಬರ್‌ನ ಮತದಾನದಲ್ಲಿ. ಕೆಳದರ್ಜೆಯ ಸೈನಿಕರಿಗೆ ಶೇ. 14.5 ಏರಿಕೆ ಇದ್ದ ಅಂತಿಮ ಮಸೂದೆ ಅದು. ಸೈನಿಕರ ಅಪ್ರಾಪ್ತ ಮಕ್ಕಳ ಲಿಂಗಾಂತರ ಸಂಬಂಧಿ ಚಿಕಿತ್ಸೆಗೆ ಸೇನಾ ವಿಮೆ ನಿರ್ಬಂಧಿಸುವ ಕಲಮು ಅದರೊಳಗಿತ್ತು. ಸ್ಮಿತ್ ಮತ್ತೆ ಬೇಡ ಎಂದರು. ಆದರೆ ಅವರದೇ ಪಕ್ಷದ 81 ಮಂದಿ ಹೂಂ ಎಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಬಹುಶಃ ಆ 81ರಲ್ಲಿ ಇರುತ್ತಿದ್ದೆ.